ಒಳ್ಳೆಯ ಹಲಗೆಗೊಂದು ತೂತು

ಟಕ್... ಟಕ್... ಟಕ್...

ದಡದ ಮೇಲೆ ಮರದ ಕಂಬಗಳ ಆಸರೆಯಲ್ಲಿ ನಿಂತಿದ್ದ ಹಾಯಿದೋಣಿಯ ಹೊಟ್ಟೆಯನ್ನು ಹಲ್ಲಿನ ಡಾಕ್ಟರಮ್ಮ ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು.

ಒಳಗಿನಿಂದ ಯಾರೋ ತಿರುಗಿ ತಟ್ಟಿದರು!

"ಅಯ್ಯೋ ದೇವರೇ!" ಎಂದು ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಮೇಲಿನ ಕಿಂಡಿಯಿಂದ ಮರದ ಹೊಟ್ಟು ಮೆತ್ತಿಕೊಂಡ ತಲೆಯೊಂದು ಎದ್ದಿತು. "ಬಾಗಿಲು ಈ ಕಡೆ ಇದೆ ಮೇಡಂ. ಅಲ್ಲಿ ಎಷ್ಟು ತಟ್ಟಿದ್ರೂ ತೆಗೆಯೋರಿಲ್ಲ."

ದೋಣಿ ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟಿದ್ದ ಬಡಗಿ ಅವನೇ.

'ನಗುವಾಗ ಇವನ ಕಣ್ಣುಗಳೂ ನಗುತ್ತವಲ್ಲ...' ಎಂದುಕೊಂಡವಳು ಕೂಡಲೇ ತನ್ನ ಮನಸ್ಸಿನ ಕಿವಿ ಹಿಂಡಿದಳು. ಬಂದಿರುವುದು ದೋಣಿ ನೋಡಲು!

ಜೊತೆಗೆ ಬಂದಿದ್ದ ಸೋದರತ್ತೆ ಮಾತ್ರ ಅವನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. "ಗಟ್ಟಿಮುಟ್ಟಾಗಿದೆ ಕಣೇ!"

"ಅತ್ತೇ, ದೋಣಿ ಇರೋದು ಈ ಕಡೆ!"

ಇಬ್ಬರು ಮಲಗುವಷ್ಟು ಜಾಗ, ಒಂದು ಒಲೆ, ಒಂದು ಹಾಯಿ. ಇಂಥದೇ ದೋಣಿಯಲ್ಲಿ ದಡದ ಉದ್ದಕ್ಕೂ ಊರೂರು ಸುತ್ತಬೇಕೆಂದು ಅವಳೂ ಅಪ್ಪನೂ ಹತ್ತು ವರ್ಷ ಕನಸು ಕಂಡಿದ್ದರು. ಹೋದ ವರ್ಷ ದೇವರು ಅಪ್ಪನನ್ನು ಕರೆದುಕೊಂಡ. ಕನಸನ್ನು ಮಾತ್ರ ಅವಳ ಬಳಿಯೇ ಬಿಟ್ಟ. ಅದರಲ್ಲೂ ಮೋಸ ಹೋದರೆ ಅಪ್ಪನನ್ನು ಇನ್ನೊಮ್ಮೆ ಕಳೆದುಕೊಂಡಂತೆ ಎಂಬ ಭಯ ಅವಳಿಗೆ. ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತ ಮರ ಬದ್ ಎನ್ನುತ್ತದೆ ಎಂದು ಓದಿಕೊಂಡೇ ಬಂದಿದ್ದಳು.

ಟಕ್... ಟಕ್... ಬದ್!

ಅಲ್ಲಿ ಮಾತ್ರ ಬಣ್ಣ ಹೊಸದು. ಅವಳು ಸುತ್ತಿಗೆ ಕೆಳಗಿಳಿಸಿದಳು.

"ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗಿದೆ! ಹೀಗೂ ಮಾರ್ತಾರಾ?"

ಅವನ ಮುಖದ ನಗು ಆರಿತು. "ಅದು ಹುಳುಕಲ್ಲ, ಒಳಗೆ ನಾನು..."

"ಸಾಕು ಬಿಡಿ!"

ಮನೆಗೆ ಮರಳುವ ದಾರಿಯುದ್ದಕ್ಕೂ ಅತ್ತೆ ಗೊಣಗಿದರು. "ರೋಗಿಗಳ ಬಾಯಿ ತುಂಬ ಸಾಮಾನು ತುರುಕಿ ಪ್ರಶ್ನೆ ಕೇಳ್ತೀಯ. ಪಾಪ, ಆ ಹುಡುಗನ ಬಾಯಿ ಖಾಲಿ ಇತ್ತು. ಮಾತಾಡೋಕೆ ಬಿಡಬಾರದಿತ್ತೇ?"

ಮೂರು ದಿನ ಕಳೆಯಿತು. ಅವಳ ಆಸ್ಪತ್ರೆಯ ಬೆಂಚಿನ ಮೇಲೆ, ಕೆನ್ನೆ ಹಿಡಿದು ಕೂತ ತಾತನ ಪಕ್ಕದಲ್ಲಿ, ಬಡಗಿ ಕಾಣಿಸಿಕೊಂಡ!

ಅವನನ್ನು ಒಳಗೆ ಕರೆದು, "ಯಾವ ಹಲ್ಲು?" ಎಂದಳು ಬಿಗಿಯಾಗಿ.

ಅವನು ಜೇಬಿನಿಂದ ಅಂಗೈಯಗಲದ ಮರದ ಬಿಲ್ಲೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಒಂದು ಮುಖಕ್ಕೆ ಹೊಸ ಬಣ್ಣ. ಅಂಚಿನಲ್ಲಿ ಒಂದಕ್ಕೊಂದು ಬೆಸೆದ ಎರಡು ಹಲಗೆಗಳು. ಹುಳುಕಿನ ಸುಳಿವೂ ಇಲ್ಲ.

"ಹೋದ ವರ್ಷ ಬಂಡೆಗೆ ತಗುಲಿ ಬಿರುಕು ಬಿಟ್ಟಿತ್ತು. ಹಲಗೆ ಬದಲಾಯಿಸಿ ಒಳಗಿಂದ ಇನ್ನೊಂದು ಜೋಡಿಸಿದೆ. ಜೋಡಿ ಹಲಗೆ ಬದ್ ಅಂತಾನೇ ಅನ್ನೋದು, ಡಾಕ್ಟ್ರೇ."

"ಇದು... ಎಲ್ಲಿಂದ ತಂದ್ರಿ?"

"ಅಲ್ಲಿಂದಲೇ. ಕೊರೆದು ತಂದೆ."

"ದೋಣಿಗೆ ತೂತು ಕೊರೆದ್ರಾ! ಒಳ್ಳೇ ಹಲ್ಲಿಗೆ ಯಾರಾದ್ರೂ ತೂತು ಕೊರೀತಾರೇನ್ರೀ?"

"ನಮ್ಮಕ್ಕನೂ ಹೀಗೇ ಬೈದಳು. ಆದ್ರೆ..." ಅವನು ತಲೆ ತಗ್ಗಿಸಿದ. "ನೀವು ನನ್ನ ಮೋಸಗಾರ ಅಂದ್ಕೊಂಡಿರೋದನ್ನ ತಡ್ಕೊಳ್ಳೋಕಾಗಲಿಲ್ಲ."

ಅವಳು ಬಿಲ್ಲೆಯನ್ನು ಕೈಗೆತ್ತಿಕೊಂಡಳು. 'ಒಂದು ಮಾತು ಕೇಳುವ ತಾಳ್ಮೆಯಿದ್ದಿದ್ದರೆ...'

"ತಪ್ಪು ನಂದು," ಎಂದಳು. "ತೂತು ಮುಚ್ಚೋಕೆ ನಾನೂ ಬರ್ತೀನಿ."

ಹೊರಗಿನಿಂದ ತಾತ ಕೂಗಿದರು. "ನನ್ನ ಹಲ್ಲು ತಾನಾಗೇ ಉದುರೋ ತನಕ ಕಾಯಲೇನಮ್ಮಾ?"

ಹುಳುಕು ಹಲ್ಲಿನ ತೂತು ತುಂಬಿ ಪಳಗಿದ ಕೈ ಅವಳದು. ಮರದ ಕೆಲಸದಲ್ಲಿ ಪಳಗಿದ ಕೈ ಅವನದು. ಆದರೂ ಒಂದೇ ದಿನದ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಯಾಕೆಂದು ಇವಳ ಅತ್ತೆಯೂ ಕೇಳಲಿಲ್ಲ, ಅವನ ಅಕ್ಕನೂ ಕೇಳಲಿಲ್ಲ. ಅರಿತವರು ಅಷ್ಟೇ!

ಮೂರನೆಯ ಭಾನುವಾರ ದೋಣಿ ನೀರಿಗಿಳಿಯಿತು. ಒಂದು ಹನಿಯೂ ಒಳಗೆ ಬರಲಿಲ್ಲ.

"ಇನ್ನು ಕಾಗದಪತ್ರ ಮಾಡಿಸೋಣ," ಎಂದಳು ಡಾಕ್ಟರಮ್ಮ.

"ಇಲ್ಲ. ನಾನು ಮಾರಲ್ಲ."

ಅವಳು ತಟ್ಟನೆ ಅವನತ್ತ ತಿರುಗಿದಳು. "ನನ್ನ ಮೇಲೆ ಇನ್ನೂ ಕೋಪಾನಾ?"

"ಅಯ್ಯೋ, ಅಲ್ಲ!" ಅವನು ಹಗ್ಗವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಒಬ್ಬರು ಚುಕ್ಕಾಣಿ ಹಿಡಿದ್ರೆ ಇನ್ನೊಬ್ಬರು ಹಾಯಿ ನೋಡ್ಕೋಬೇಕು. ಒಬ್ಬನೇ ಎಲ್ಲಿಗೆ ಹೋಗಲಿ ಅಂತ ಮಾರೋಕೆ ಹೊರಟೆ. ನೀವೇ ಜೊತೆಗೆ ಬರೋದಾದ್ರೆ... ಯಾವಾಗಲೂ... ಮಾರೋದ್ಯಾಕೆ?"

ಅವಳ ಕಣ್ಣು ತುಂಬಿ ಬಂತು. 'ಅಪ್ಪಾ... ಕೇಳಿಸಿತೇ?'

ಕಣ್ಣೊರೆಸಿಕೊಂಡು ಸ್ವರ ಬಿಗಿಮಾಡಿದಳು. "ಜಾಹೀರಾತು ನೋಡಿ ಇನ್ಯಾರಾದ್ರೂ ಬಂದ್ರೆ?"

"ನೀವು ಆಸ್ಪತ್ರೇಲಿ ಬೈದ ದಿನವೇ ತೆಗೆಸಿಬಿಟ್ಟೆ."

"ನನ್ನನ್ನ ಒಂದು ಮಾತು ಕೇಳದೇನೇ?"

"ಕೇಳೋಕೆ ಧೈರ್ಯ ಬೇಕಿತ್ತಲ್ಲ... ಅದಕ್ಕೇ ಮೂರು ಭಾನುವಾರ ಹಿಡೀತು."

ಅವಳು ನಕ್ಕಳು. ವರ್ಷದಿಂದ ಬಾರದಿದ್ದ ನಗು!

"ಬರ್ತೀನಿ. ಆದ್ರೆ ಚುಕ್ಕಾಣಿ ನನ್ನ ಕೈಲಿರಬೇಕು."

ಅವನು ದೋಣಿಯ ಹಗ್ಗ ಬಿಚ್ಚಿ ಅವಳತ್ತ ಕೈ ಚಾಚಿದ.

"ಚುಕ್ಕಾಣಿ ಇನ್ನೂ ನನ್ನ ಹತ್ರ ಇದೆ ಅಂದ್ಕೊಂಡಿದ್ರಾ?"