ಏಳನೆಯ ಪರದೆ

ನಾನು ಸೋಮನೂರಿನಲ್ಲಿ ಪರದೆ ಬಟ್ಟೆ ನೇಯುವವನು. ಎಂಬತ್ತನಾಲ್ಕನೇ ಇಸವಿಯಲ್ಲಿ ಗಾಂಧಿಪುರದಲ್ಲಿ ಒಂದು ಫೈನಾನ್ಸ್ ಕಂಪನಿ ಹೊಸ ಕಚೇರಿ ಕಟ್ಟಿಸಿತು. ಒಳಗಿನ ವಿನ್ಯಾಸವೆಲ್ಲ ಮಲ್ಲಿಗಾ ಅಮ್ಮನದು. ಊರೆಲ್ಲ ತಮಿಳಾದರೂ ಮನೆಯಲ್ಲಿ ಕನ್ನಡವಾಡುವ ನಮ್ಮ ಕಡೆಯವರೇ. ಅಂಥ ಕೈಚಳಕವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಪನಿಯ ನವಿಲುನೀಲಿ ಬಣ್ಣ ನೆಲದ ಅಂಚಿನಲ್ಲಿ ಹುಟ್ಟಿ, ತೇಗದ ಕೌಂಟರನ್ನು ಬಳಸಿ, ನನ್ನ ಪರದೆಗಳಲ್ಲಿ ಬಂದು ನಿಲ್ಲುತ್ತಿತ್ತು. ಹಾಲಿಗೆ ಇದ್ದದ್ದು ಆರೇ ಕಿಟಕಿ. ಸಾಲು ಅಂದವಾಗಲೆಂದು ಅವರು ಪಕ್ಕದ ಕಟ್ಟಡಕ್ಕೆ ಅಂಟಿದ ಬರೀ ಗೋಡೆಗೂ ಒಂದು ಪರದೆ ಹಾಕಿಸಿದರು.

ವರ್ಷ ತುಂಬುವ ಮೊದಲೇ ಮ್ಯಾನೇಜರ್ ದೇವರಾಜನ್ ಕರೆಸಿದರು. ಗೋಡೆಯ ಪರದೆಯೊಂದೇ ಬಿಸಿಲಿಗೆ ಬಿದ್ದಂತೆ ಬಿಳಿಚಿಕೊಂಡಿತ್ತು.

"ಬಣ್ಣದಲ್ಲಿ ಮೋಸ ಮಾಡಿದೀರಿ. ಮುಂದಿನ ಮೂರು ಬ್ರಾಂಚಿಗೆ ನೀವು ಬೇಡ," ಎಂದರು.

"ಏಳೂ ಒಂದೇ ಹಾಸಿನಲ್ಲಿ, ಒಂದೇ ಬಣ್ಣದ ನೂಲಲ್ಲಿ ನೇಯ್ದ ಬಟ್ಟೆ ಸಾರ್," ಎಂದೆ.

ಅವರನ್ನೂ ಕರೆಸಿದ್ದರು; ಮಲ್ಲಿಗಾ ಅಮ್ಮ ಪರದೆ ಸರಿಸಿ ಗೋಡೆಗೆ ಕೈಯಿಟ್ಟರು. ನಾನೂ ಇಟ್ಟೆ. ಮಾರ್ಗಳಿ ತಿಂಗಳ ಚಳಿಯಲ್ಲೂ ಗೋಡೆ ಬೆಚ್ಚಗಿತ್ತು. ಕಿವಿಗೊಟ್ಟರೆ ಒಳಗೆ ತೆಂಗಿನ ಗರಿಗಳು ಸರಸರ ಅಲ್ಲಾಡುತ್ತಿದ್ದವು.

"ಅಣ್ಣಾ, ನಾ ಮೊದಲು ಬರೆದ ಪ್ಲಾನಲ್ಲಿ ಇಲ್ಲಿ ಏಳನೇ ಜನ್ನಲು ಇತ್ತು," ಎಂದು ಅವರು ಗೋಡೆಯ ಮೇಲೆ ಬೆರಳಲ್ಲಿ ಕಿಟಕಿಯ ಚೌಕ ಗೀರುತ್ತ ಮೆಲ್ಲಗೆ ಹೇಳಿದರು. "ಪಕ್ಕದ ತೆಂಗಿನ ತೋಪು ಕಡಿದು ಕಟ್ಟಡ ಎಬ್ಬಿಸಿದ್ರು. ಅದಕ್ಕೇ ಆ ಜನ್ನಲು ಕೈಬಿಟ್ಟೆ."

ನೇಯ್ದವರ ತಪ್ಪಿಲ್ಲವೆಂದು ಅವರು ಮ್ಯಾನೇಜರಿಗೆ ಖಡಾಖಂಡಿತವಾಗಿ ಹೇಳಿದ್ದರಿಂದ ನನ್ನ ಆರ್ಡರ್ ಉಳಿಯಿತು. ಆ ಪರದೆಯನ್ನು ಮಾತ್ರ ಅವತ್ತೇ ತೆಗೆಸಿದರು.

ಈಗ ಆ ಬರೀ ಗೋಡೆಗೆ ಮುಖ ಮಾಡಿ ಕೂರುವ ಗುಮಾಸ್ತೆ ತಂಗಮಣಿ ಸಂಜೆ ನಾಲ್ಕಾದರೆ ಕುರ್ಚಿ ತಿರುಗಿಸಿಕೊಳ್ಳುತ್ತಾರೆ. ಕೇಳಿದರೆ, "ಕಣ್ಣಿಗೆ ಬಿಸಿಲು ಹೊಡೀತದೆ," ಎನ್ನುತ್ತಾರೆ.