ಒಂದು ಸಲ ತಲೆಯಾಡಿಸಿದ್ದಕ್ಕೆ

ಅರವತ್ತೊಂದನೆಯ ಇಸವಿಯ ಬೇಸಿಗೆ. ಮೈಸೂರಿನ ಕಾಲೇಜು ಮೈದಾನದ ಮರದಡಿ ಕೂತು ಬಸವರಾಜು ಪಿಚ್ಚಿಗೆ ಹಾಸುವ ತೆಂಗಿನ ನಾರಿನ ಮ್ಯಾಟಿಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದ. ಬುತ್ತಿ ತಂದ ದೇವೀರಮ್ಮ ನಿಂತು ನೋಡಿದಳು.

"ಇಂಡಿಯಾಕ್ಕೆ ಆಡಿದ ಕೈ. ಹೊಲಿಗೆ ಮಾತ್ರ ಬರಾಕಿಲ್ಲ."

"ಆಟ ಬಂದಿದ್ರೆ ನಾಕೇ ಟೆಸ್ಟಿಗೆ ಮನೆಗೆ ಕಳಿಸ್ತಿದ್ರಾ?"

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕಣ್ಣಿನ ನಗು ಹೊರಗೇ ಉಳಿಯಿತು.

"ಮುದ್ದೆ ಆರೋಯ್ತದೆ, ಬನ್ನಿ ಭಾವ."

ಆ ಒಂದು ಮಾತಿಗೆ ಅವನ ನಗು ನಿಂತುಹೋಯಿತು.

ಏಳು ವರ್ಷದ ಹಿಂದೆ, ಮಂಡಿ ಕೆಟ್ಟು ಆಟ ಬಿಟ್ಟು, ಅವನು ಇಲ್ಲಿಗೆ ಕೋಚಾಗಿ ಬಂದ ಹೊಸದು. ಮೈದಾನ ನೋಡಿಕೊಳ್ಳುವ ಚೆಲುವಯ್ಯನ ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡ. ಹೆಗಲು ಕೊಡಲು ಜನ ಸಾಲದೆ, ಅದೇ ಕುಲದವನಾದ ಬಸವರಾಜು ಮುಂದೆ ಬಂದ. ಮಣ್ಣು ಮಾಡಿದ ಮೇಲೆ ಮುದುಕ ನೆಂಟರೆದುರು ಅವನ ಕೈ ಹಿಡಿದು, "ಇನ್ಮೇಲೆ ಇವ್ನೇ ನನ್ ಹಿರೇಮಗ" ಅಂದ. ಅಳುತ್ತಿರುವವನಿಗೆ ಅಲ್ಲ ಅನ್ನುವುದು ಹೇಗೆ? ಬಸವರಾಜು ತಲೆಯಾಡಿಸಿದ. ಸೊಸೆ ದೇವೀರಮ್ಮನ ಮುಖವನ್ನು ಅವನಾಗ ಸರಿಯಾಗಿ ನೋಡಿಯೂ ಇರಲಿಲ್ಲ.

ಅವರ ಕುಲದಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೆ ಮದುವೆಯಾಗುವುದುಂಟು. ಯಾರು ಬೇಕಾದರೂ ಬಂದು ಕೇಳಬಹುದು. ಗಂಡನ ಅಣ್ಣ, ಅಂದರೆ ಭಾವ, ಮಾತ್ರ ಕೇಳುವಂತಿಲ್ಲ. ಅವನು ತಂದೆಯ ಸಮ.

ಮರದಡಿ ಬಸವರಾಜುವಿನ ಜೊತೆಗೇ ಉಣ್ಣಲು ಕೂತಿದ್ದ ಚೆಲುವಯ್ಯ ಮೊದಲು ಉಂಡೆದ್ದು, ಕೈತೊಳೆಯಲು ನಲ್ಲಿಯ ಕಡೆ ಹೋದ.

"ದೆಹಲಿಯಿಂದ ಕಾಗದ ಬಂದಿದೆ. ಅಲ್ಲಿ ಕೋಚ್ ಕೆಲಸ," ಎಂದ ಬಸವರಾಜು. "ನೀನೂ ಬರ್ತೀಯಾ?"

ಸಾರಿನ ಸೌಟು ಅರ್ಧದಲ್ಲೇ ನಿಂತಿತು. "ಏನಂತ ಬರ್ಲಿ?"

"ಹೆಂಡ್ತಿ ಅಂತ. ನಿಮ್ಮ ಮಾವನ್ನ ಇವತ್ತೇ ಕೇಳ್ತೀನಿ."

"ಬ್ಯಾಡಿ! ಹೆತ್ತ ಮಗ ಹೋದ. ಇರೋ ಮಗನ್ನೂ ಸೊಸೇನೂ ಒಂದೇ ಮಾತಲ್ಲಿ ಕಿತ್ಕೊಂತೀರಾ?"

"ನಿಂಗೆ ಮನಸ್ಸಿಲ್ಲ ಅನ್ನು."

"ಮನಸ್ಸಿಲ್ದೆನೇ ಏಳು ವರ್ಸದಿಂದ ನಿಮಗೆ ಇಷ್ಟ ಅಂತ ಬಸ್ಸಾರು ಕಾಯಿಸ್ತಿದೀನಾ?" ಅವಳ ಕಣ್ಣು ಈಗ ನಗುತ್ತಿರಲಿಲ್ಲ.

ಮುದುಕ ಪಂಚೆಯಲ್ಲಿ ಕೈ ಒರೆಸುತ್ತ ಬಂದ. "ಏನವ್ವಾ ಮಾತು?"

"ಭಾವಂಗೆ ದೆಹಲೀಲಿ ಕೆಲ್ಸ ಸಿಕ್ಕದಂತೆ, ಮಾವ."

"ಅಲ್ಲಾ ಮತ್ತೆ! ನನ್ ಮಗ ಕಣವ್ವ!" ಚೆಲುವಯ್ಯ ಆ ನೆರಳಲ್ಲೇ ನಿಂತು, ರಸ್ತೆಯಲ್ಲಿ ಹೋಗುತ್ತಿದ್ದ ಜವರಪ್ಪನನ್ನು ಕೂಗಿದ. "ಲೋ, ಕೇಳ್ದೇನ್ಲಾ? ನಮ್ಮುಡುಗ ದೆಹಲಿಗೆ ಹೊಂಟವ್ನೆ!" ಹೇಳುತ್ತ ಹೇಳುತ್ತ ಬೇಲಿಯವರೆಗೂ ಹೋದ.

ಬಸವರಾಜು ತಟ್ಟೆ ಸರಿಸಿದ. "ನೀನಿಲ್ದೆ ನಾನು ಹೋಗಲ್ಲ. ಇಲ್ಲೇ ಇರ್ತೀನಿ."

"ಹೋಗಿ," ಎಂದಳು ದೇವೀರಮ್ಮ, ಬುತ್ತಿಯ ಬಟ್ಟೆಗೆ ಗಂಟು ಹಾಕುತ್ತ. "ಇಲ್ಲಿದ್ರೆ ದಿನಾ ಭಾವ ಅಂತ ಕೂಗ್ಬೇಕು. ದೂರ ಇದ್ರೆ, ನಂಗೆ ಬೇಕಾದಂಗೆ ಮನ್ಸಲ್ಲಿ ಕರ್ಕೊಂತೀನಿ."