ಮೊದಲು ವಾಲ್ವ್ ಮುಚ್ಚಿ

ಬೋಟಿನವರು ಟಾಯ್ಲೆಟ್ಟಿಗೆ 'ಹೆಡ್' ಎನ್ನುತ್ತಾರೆ. ಯಾಕೆಂದು ಕೇಳಬೇಡಿ, ಸಮುದ್ರದವರ ಮಾತೇ ಹಾಗೆ. ಬೋಟು ಕೈಗೆ ಬಂದ ಹೊಸತರಲ್ಲಿ ಅವಳು ಈ ಪದವನ್ನು ಭಾರೀ ಠೀವಿಯಿಂದ ಕಲಿತಿದ್ದಳು. ರಿಪೇರಿಯವನಿಗೆ ಫೋನ್ ಮಾಡಿದಾಗ ಮಾತ್ರ ಗಾಬರಿಯಲ್ಲಿ ಅದನ್ನು ಅನುವಾದ ಮಾಡಿಬಿಟ್ಟಳು.

"ತಲೆ ಕೆಟ್ಟಿದೆ, ಸ್ವಲ್ಪ ಬೇಗ ಬರ್ತೀರಾ?"

ಆ ಕಡೆಯಿಂದ ಮೆತ್ತನೆಯ ದನಿಯೊಂದು, "ಮೇಡಂ, ನಾನು ಪಂಪ್ ರಿಪೇರಿಯವನು. ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡಿ," ಎಂದಿತು.

ಅವರ ಪರಿಚಯವಾದದ್ದು ಹೀಗೆ. ಅದಾಗಿ ಕೆಲವು ವರ್ಷಗಳಾದವು.

ಮದುವೆ ಮುರಿದಾಗ ಅವಳ ಪಾಲಿಗೆ ಬಂದದ್ದು ಈ ಬೋಟೊಂದೇ. ಪ್ರವಾಸಿಗರನ್ನು ದೀಪಸ್ತಂಭದವರೆಗೆ ಕರೆದೊಯ್ದು ತರುವುದು, ಎಂಜಿನ್ ನೋಡುವುದು, ಡೆಕ್ ತೊಳೆಯುವುದು, ಕೊನೆಗೆ ಜನ ಬಿಟ್ಟುಹೋದ ಕೊಳೆಯನ್ನು ತಿಕ್ಕುವುದು, ಎಲ್ಲವೂ ಅವಳೇ. ಬೋಟು ಕಟ್ಟುವ ಜೆಟ್ಟಿಯಲ್ಲಿದ್ದವರ ಬಾಯಲ್ಲಿ ಅವಳು ಕ್ಯಾಪ್ಟನಮ್ಮ. ಹೆಸರು ದೊಡ್ಡದು, ಸೊಂಟ ಮಾತ್ರ ಬಿದ್ದುಹೋಗಿತ್ತು.

"ಸಾಕು ಕಣೇ ಹೆಣಗಿದ್ದು. ಬೋಟ್ ಮಾರಿ ನನ್ನ ಜೊತೆ ಬಂದು ಇರು," ಎಂದು ಅಕ್ಕ ಬೆನ್ನು ಬಿದ್ದಿದ್ದಳು. ಗಿರಾಕಿಯನ್ನೂ ಅವಳೇ ಹುಡುಕಿದ್ದಳು. ಅವನು ಇವತ್ತು ಮಧ್ಯಾಹ್ನ ಬರುವವನಿದ್ದ. ನಿನ್ನೆ ಯಾರೋ ಪುಣ್ಯಾತ್ಮರು ಒದ್ದೆ ಟಿಶ್ಯೂ ಹಾಕಿ ಟಾಯ್ಲೆಟ್ಟಿನ ಕೈಪಂಪು ಅಲುಗದಂತೆ ಮಾಡಿಟ್ಟಿದ್ದರು.

ರಿಪೇರಿಯವನು ಚೀಲ ಹೊತ್ತು ಬಂದ. ಅವನನ್ನು ಎಲ್ಲರೂ ವಾಲ್ವ್ ಮೇಷ್ಟ್ರು ಎನ್ನುತ್ತಿದ್ದರು. ಬೋಟಿನ ಟಾಯ್ಲೆಟ್ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಕೆಳಗಿನ ವಾಲ್ವ್ ಮುಚ್ಚದೆ ಪೈಪು ಬಿಚ್ಚಿದರೆ ಸಮುದ್ರ ಹೇಳದೆ ಕೇಳದೆ ಒಳಗೆ ಬರುತ್ತದೆ. ಅದಕ್ಕೇ ಅವನು ಯಾರು ಸಿಕ್ಕರೂ, "ಮೊದಲು ವಾಲ್ವ್ ಮುಚ್ಚಿ, ಆಮೇಲೆ ಸ್ಪ್ಯಾನರ್ ಮುಟ್ಟಿ," ಎಂದು ಪಾಠ ಒಪ್ಪಿಸುತ್ತಿದ್ದ. ಉಳಿದಂತೆ ಅವನು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಮನುಷ್ಯ. ಮನೆಯಲ್ಲಿ ತಾಯಿ ಇದ್ದರು, ಬೇರೆ ಯಾರೂ ಇರಲಿಲ್ಲ.

ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಕೋಣೆ. ಇಬ್ಬರೂ ಮಂಡಿಯೂರಿ ಕೂತರು. ಅವನು ವಾಲ್ವ್ ಮುಚ್ಚಿದ, ಪಂಪು ಬಿಚ್ಚಿದ, ಟಿಶ್ಯೂ ಎಳೆದು ತೆಗೆದ. ಒಳಗೆಲ್ಲ ಉಪ್ಪು ಕಲ್ಲಾಗಿ ಕಟ್ಟಿತ್ತು. ಅವಳು ವಿನೆಗರ್ ಸುರಿದು ಬ್ರಷ್ಷಿನಿಂದ ಉಜ್ಜಿದಳು. ಆ ನಾತದ ನಡುವೆ ಅವನ ಕನ್ನಡಕ ಮೂಗಿನ ತುದಿಗೆ ಜಾರಿತು.

"ಮೇಷ್ಟ್ರೇ, ಕನ್ನಡಕ ಒಳಗೆ ಬಿದ್ರೆ ನಾನಂತೂ ತೆಗೆಯಲ್ಲ," ಎಂದು ಅವಳು ಮಣಿಕಟ್ಟಿನಿಂದ ಅದನ್ನು ಮೇಲಕ್ಕೆ ತಳ್ಳಿದಳು.

"ಕೈ ಗಲೀಜಲ್ವಾ?"

"ಅದಕ್ಕೇ ಮಣಿಕಟ್ಟು."

ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಅವಳು ಅದನ್ನು ಕದ್ದು ನೋಡಿದಳು. ಎಷ್ಟು ಸಲ ನೋಡಿದ್ದರೂ ಸಾಲದೆನ್ನಿಸುವ ಕೆಂಪು ಅದು.

ಪಂಪಿಗೆ ಎಣ್ಣೆ ಸವರಿ ಜೋಡಿಸಿ, ವಾಲ್ವ್ ತೆರೆದು ಹಿಡಿ ಎಳೆದರೆ ನೀರು ಸಲೀಸಾಗಿ ಬಂತು.

"ಈ ಪೈಪೂ ಹಳೇದಾಗಿದೆ. ಬದಲಾಯಿಸಿಬಿಡ್ತೀನಿ," ಎಂದ.

"ಬೇಡ ಬಿಡಿ. ಇವತ್ತು ಬೋಟ್ ಕೊಳ್ಳೋರು ಬರ್ತಾರೆ. ನಾನು ಅಕ್ಕನ ಊರಿಗೆ ಹೋಗ್ತಿದೀನಿ."

"ಹೌದಾ," ಎಂದು ಅವನು ಸ್ಪ್ಯಾನರ್ ಕೈಗೆತ್ತಿಕೊಂಡ.

ಅಷ್ಟೇ. ಅವಳಿಗೆ ಅಳು ಬಂದಂತಾಯಿತು. ಹೋಗಬೇಡಿ ಅನ್ನುವುದಿರಲಿ, ಯಾವಾಗ ಹೋಗ್ತೀರಿ ಅಂತಾದರೂ ಕೇಳಬಾರದೇ? ಈ ಕಲ್ಲಿನ ಮುಂದೆ ಇಷ್ಟು ವರ್ಷ ಕೂತು ಏನು ಕಾದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಪೈಪು ಕಳಚಿತು. ಅದರ ಹಿಂದೆಯೇ ಸಮುದ್ರವೂ ಬಂತು.

ಅವನು ಎರಡು ಕೈಯಿಂದ ಒತ್ತಿ ಹಿಡಿದರೂ ನೀರು ನಿಲ್ಲಲಿಲ್ಲ. ಅವಳೇ ಅವನ ತೋಳಿನಡಿ ನುಗ್ಗಿ, ತಡಕಾಡಿ, ವಾಲ್ವ್ ತಿರುಗಿಸಿದಳು. ಇಬ್ಬರೂ ತೊಯ್ದು ತೊಪ್ಪೆಯಾಗಿ ಪಾದ ಮುಳುಗುವ ನೀರಿನಲ್ಲಿ ಕೂತರು.

"ಮೇಷ್ಟ್ರೇ, ನೀವು ವಾಲ್ವ್ ಮುಚ್ಚಲಿಲ್ಲ."

"ಇಲ್ಲ."

"ಯಾಕೆ?"

ಅವನು ಕನ್ನಡಕ ತೆಗೆದ. ಒರೆಸಲು ಒಣಗಿದ ಬಟ್ಟೆ ಎಲ್ಲೂ ಇರಲಿಲ್ಲ.

"ಹೋಗ್ತೀನಿ ಅಂದ್ರಲ್ಲ. ಆಮೇಲೆ ನಂಗೇನೂ ತೋಚಲಿಲ್ಲ." ಒದ್ದೆ ಕನ್ನಡಕವನ್ನೇ ಮತ್ತೆ ಏರಿಸಿಕೊಂಡು, "ಬೇಡ ಅನ್ನೋಕೆ ನಾನ್ಯಾರು?" ಎಂದ.

"ಅದನ್ನಾದ್ರೂ ಕೇಳಬಹುದಿತ್ತಲ್ಲ." ಅವಳ ದನಿಯಲ್ಲಿ ಜಗಳಕ್ಕೂ ತ್ರಾಣವಿರಲಿಲ್ಲ. "ನಂಗೆ ಬೋಟು ಸಾಕಾಗಿಲ್ಲ. ಒಬ್ಬಳೇ ತಿಕ್ಕಿ ತಿಕ್ಕಿ ಸಾಕಾಗಿದೆ."

"ನಂಗೂ," ಎಂದ ಅವನು. "ಒಬ್ಬನೇ ಇದ್ದೂ ಇದ್ದೂ."

ಅವಳು ಅವನ ಒದ್ದೆ ಭುಜಕ್ಕೆ ತಲೆಯಾನಿಸಿದಳು. ಅವನು ಉಸಿರು ಬಿಗಿಹಿಡಿದು ಕೂತ.

"ಯಾರಿದೀರಿ ಒಳಗೆ? ಬೋಟ್ ನೋಡೋಕೆ ಬಂದಿದೀನಿ," ಎಂದು ಜೆಟ್ಟಿಯಿಂದ ಗಿರಾಕಿಯ ಕೂಗು ಕೇಳಿಸಿತು.

ಅವಳಿಗೆ ಏಳುವ ಮನಸ್ಸಿರಲಿಲ್ಲ. "ನೀವೇ ಹೋಗಿ ಹೇಳಿ," ಎಂದಳು.

"ಏನಂತ?"

"ಬೋಟ್ ಕೊಡಲ್ಲ ಅಂತ."

ಅವನು ಅವಳ ಮುಖವನ್ನೇ ಒಮ್ಮೆ ನೋಡಿ, ಏಣಿ ಹತ್ತಿದ. ಅವಳು ಬಟ್ಟೆ ಹಿಂಡುತ್ತ ಮೇಲಿನ ಮಾತಿಗೆ ಕಿವಿಗೊಟ್ಟಳು.

"ಕೊಡಲ್ವಾ? ಫೋನಲ್ಲಿ ಎಲ್ಲಾ ಮಾತಾಗಿತ್ತಲ್ರೀ," ಗಿರಾಕಿ ರೇಗಿದ. "ಈಗ ಯಾರು ಬೇಡ ಅಂದಿದ್ದು?"

ಓನರ್ ಅನ್ನುತ್ತಾನೆ, ಇಲ್ಲವೇ ಮೇಡಂ ಅನ್ನುತ್ತಾನೆ ಎಂದುಕೊಂಡಳು. ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ನಮ್ಮ ಮನೆಯವರು," ಎಂದ.

ಗಿರಾಕಿಯ ಬೂಟಿನ ಸದ್ದು ಗೊಣಗಾಟದ ಜೊತೆ ದೂರವಾಯಿತು. ಏಣಿಯ ಮೇಲಿನ ಮೆಟ್ಟಿಲಲ್ಲಿ ಎರಡು ಒದ್ದೆ ಪಾದಗಳು ಬಂದು ನಿಂತವು. ಹೇಳುವುದನ್ನು ಹೇಳಿಬಿಟ್ಟು, ಈಗ ಕೆಳಗಿಳಿಯಲು ಅವಕ್ಕೆ ನಾಚಿಕೆ.

ಅವಳು ಕೆನ್ನೆ ಒರೆಸಿಕೊಂಡಳು.

"ರೀ," ಎಂದು ಕರೆದಳು. "ಕೆಳಗೆ ಬನ್ನಿ. ಪೈಪ್ ಇನ್ನೂ ಹಾಕಿಲ್ಲ."